ಲಿಥುವೇನಿಯನ್ 'ದುವೊನ': ದಾನವೋ ಧಾನ್ಯವೋ?

ಎಲ್ರಿಗೂ ನಮಸ್ಕಾರ. ಒಂದು ಪದದ ಬಗ್ಗೆ ಕೇಳ್ಬೇಕಿತ್ತು, ಕೇಳೋಕೆ ಮುಂಚೆ ನಾನು ಹುಡುಕಿಕೊಂಡಿದ್ದನ್ನೂ ಹೇಳಿಬಿಡ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ನಾವಿರೋದು ಡಬ್ಲಿನ್‌ನಲ್ಲಿ. ಲಿಥುವೇನಿಯಾದಿಂದ ಬಂದು ನೆಲೆ ನಿಂತವರು ಇಲ್ಲಿ ತುಂಬಾ ಜನ, ನಮ್ಮನೆ ಹತ್ರಾನೇ ಅವರದೊಂದು ಅಂಗಡಿ ಇದೆ, ಅಲ್ಲಿ ರೈ ಹಿಟ್ಟಿನ ಕಪ್ಪು ಬ್ರೆಡ್ ಸಿಗುತ್ತೆ, ಕೈಯಲ್ಲಿ ಹಿಡಿದ್ರೆ ಇಟ್ಟಿಗೆ ಥರ ಭಾರ, ಚೂರು ಹುಳಿ, ಮಧ್ಯೆ ಮಧ್ಯೆ ಜೀರಿಗೆ ಥರದ ಕಾಳು. ಅದಕ್ಕೆ ಅವರು 'ದುವೊನ' ಅಂತಾರೆ. ಮೊನ್ನೆ ಕತ್ತರಿಸುವಾಗ ಒಂದು ತುಂಡು ಕೆಳಗೆ ಬಿತ್ತು, ಅಂಗಡಿಯಮ್ಮ ಅದನ್ನ ಎತ್ಕೊಂಡು ಮುತ್ತಿಟ್ಟು ಪಕ್ಕಕ್ಕೆ ಇಟ್ರು. ಅನ್ನದ ಅಗುಳು ಕಾಲಿಗೆ ತಾಕಿದ್ರೆ ನಮ್ಮಜ್ಜಿ ಕಣ್ಣಿಗೊತ್ತಿಕೊಳ್ತಿದ್ದದ್ದು ನೆನಪಾಗಿ ಅವರಿಗೆ ಹೇಳಿದೆ, ಅದಕ್ಕೆ ಅವರೊಂದು ಗಾದೆ ಹೇಳಿದ್ರು: "ದಿಯೆವಸ್ ದಾವೆ ದಾಂತಿಸ್, ದುವೊಸ್ ಇರ್ ದುವೊನೊಸ್". ದೇವರು ಹಲ್ಲು ಕೊಟ್ಟ, ಬ್ರೆಡ್ಡೂ ಕೊಡ್ತಾನೆ ಅಂತ. ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ ಅಂತೀವಲ್ಲ, ಅದೇ ಮಾತು.

ಇದನ್ನ ನೆಂಟರ ಗ್ರೂಪಿಗೆ ಹಾಕಿದ್ದೇ ತಡ, ದುವೊನ ಅಂದ್ರೆ ನಮ್ಮ ಅನ್ನದಾನದ 'ದಾನ'ನೇ, ಲಿಥುವೇನಿಯನ್ ಹುಟ್ಟಿದ್ದೇ ಸಂಸ್ಕೃತದಿಂದ ಅಂತ ಉತ್ತರ ಬಂತು. ಎರಡೂ ತಪ್ಪು. ಆದ್ರೆ ಅಲ್ಲಿರೋ ನಿಜವಾದ ನಂಟು ಇದಕ್ಕಿಂತ ಚೆನ್ನಾಗಿದೆ, ಅದಕ್ಕೇ ಬರೀತಿದೀನಿ.

ದುವೊನದ ಜೋಡಿ, ಅಂದ್ರೆ ಒಂದೇ ಮೂಲದಿಂದ ಬಂದ ಪದ, ಸಂಸ್ಕೃತದ 'ಧಾನಾ', ಮಹಾಪ್ರಾಣದ್ದು. ಋಗ್ವೇದದಲ್ಲಿ ಇಂದ್ರನಿಗೆ ಕೊಡೋ ಹುರಿದ ಕಾಳು ಅದು, 'ಧಾನ್ಯ' ಅನ್ನೋ ಮಾತು ಬಂದಿದ್ದೂ ಅದರಿಂದ್ಲೇ. ಲಿಥುವೇನಿಯನ್ ಸೇರೋ ಬಾಲ್ಟಿಕ್ ಭಾಷೆಗಳಲ್ಲಿ ದ ಧ ಎರಡೂ ಒಂದೇ ದ ಆಗಿಹೋದ್ವು, ಹಾಗಾಗಿ ಆ ಗಾದೇಲಿ ದೇವ, ದಂತ, ಧಾನಾ ಎಲ್ಲಾ ಒಂದೇ ಥರ ಶುರುವಾಗುತ್ತೆ, ಕಿವಿಗೆ ದಾನ ಅನ್ಸೋದು ಸಹಜ. ಆದ್ರೆ ದಾನ ಸಂಸ್ಕೃತದಲ್ಲಿ ನಪುಂಸಕ, ಧಾನಾ ಸ್ತ್ರೀಲಿಂಗ, ದುವೊನವೂ ಸ್ತ್ರೀಲಿಂಗ. ಕೊಡುಗೆಗೆ ಲಿಥುವೇನಿಯನ್ನರಲ್ಲಿ 'ದೊವನ' ಅಂತ ಬೇರೇನೇ ಪದ ಇದೆ. ಇನ್ನು ಸಂಸ್ಕೃತದಲ್ಲಿ 'ಆ' ಸ್ವರ ಇರೋ ಕಡೆ ಲಿಥುವೇನಿಯನ್‌ನಲ್ಲಿ 'ಉವೊ' ಬಂದಿರೋದನ್ನ ಆ ಒಂದೇ ಗಾದೇಲಿ ಎರಡು ಸಲ ನೋಡಬಹುದು: ಧಾನಾ ದುವೊನ, ದಾಸ್ಯತಿ (ಮುಂದೆ ಕೊಡ್ತಾನೆ) ದುವೊಸ್. ದಾಸ್ಯತಿಯಲ್ಲಿರೋ ಭವಿಷ್ಯತ್ತಿನ 'ಸ' ಕೂಡ ಅಲ್ಲಿ ಹಾಗೇ ಕೂತಿದೆ ನೋಡಿ, ನನಗಂತೂ ಮೈ ಜುಂ ಅಂತು.

ಹಾಗಾದ್ರೆ ಸಂಸ್ಕೃತದ ಮಗಳು ಯಾಕಲ್ಲ? ಎಣಿಕೆ ನೋಡಿ. ಐದಕ್ಕೆ ಅವರು 'ಪೆಂಕಿ' ಅಂತಾರೆ, ಸಂಸ್ಕೃತದಲ್ಲಿ 'ಪಂಚ'. ನಾಲ್ಕಕ್ಕೆ 'ಕೆತುರಿ', ಇಲ್ಲಿ 'ಚತುರ್'. ಮೂಲದಲ್ಲಿದ್ದ ಕ, ಎ ಸ್ವರದ ಪಕ್ಕ ಇದ್ದಿದ್ರಿಂದ ಸಂಸ್ಕೃತದ ದಾರಿಯಲ್ಲಿ ಚ ಆಯ್ತು, ಆಮೇಲೆ ಆ ಎ ಕೂಡ ಅ ಆಗಿಹೋಯ್ತು. ಲಿಥುವೇನಿಯನ್‌ನಲ್ಲಿ ಕ, ಎ ಎರಡೂ ಉಳಿದಿವೆ. ನೂರಕ್ಕೆ 'ಶಿಮ್ತಸ್', ಅದರಲ್ಲಿ ಅನುನಾಸಿಕ ಇದೆ, 'ಶತ'ದಲ್ಲಿ ಹೋಗಿದೆ. ಅಮ್ಮ ಕಳ್ಕೊಂಡಿದ್ದು ಮಗಳ ಹತ್ರ ಹೇಗಿರುತ್ತೆ? ಇಬ್ರೂ ಒಂದೇ ಹಳೇ ಮನೆಯವರು, ಪಾಲಾಗುವಾಗ ಒಬ್ಬೊಬ್ರು ಒಂದೊಂದು ಸಾಮಾನು ಉಳಿಸ್ಕೊಂಡ್ರು, ಮಹಾಪ್ರಾಣ ಇವರಿಗೆ, ಕ ಮತ್ತು ಎ ಅವರಿಗೆ.

ಕಾಳು ಅನ್ನೋ ಪದ ಬ್ರೆಡ್ ಹೇಗಾಯ್ತು ಅಂತ ಕೇಳಬಹುದು. 'ಅನ್ನ' ಅಂದ್ರೂ ಮೊದಲು ತಿನ್ನೋ ವಸ್ತು ಅಂತಷ್ಟೇ, ಈಗ ನಮಗೆ ಬೆಂದ ಅಕ್ಕಿ. ದಿನಾ ತಿನ್ನೋದು ಯಾವುದೋ ಅದಕ್ಕೆ ದೊಡ್ಡ ಹೆಸರು ಅಂಟಿಕೊಳ್ಳುತ್ತೆ ಅನ್ಸುತ್ತೆ. ಬೆಳೆದ ಪೈರಿಗೆ, ದವಸಕ್ಕೆ ಅಲ್ಲಿ 'ಯವಾಯ್' ಅಂತಾರೆ, ಅದು ಸಂಸ್ಕೃತದ 'ಯವ'ದ ಜೋಡಿ, ನಮ್ಮ ಜವೆಗೋಧಿಯಲ್ಲಿರೋ ಜವೆಯೂ ಆ ಯವವೇ. ಪಕ್ಕದ ಲಾಟ್ವಿಯನ್‌ನಲ್ಲಿ ಬ್ರೆಡ್ಡಿಗೆ 'ಮೈಜೆ' ಅನ್ನೋ ಬೇರೆ ಪದ. ಪ್ರಷ್ಯನ್ ಅಂತ ಇನ್ನೊಂದು ಬಾಲ್ಟಿಕ್ ಭಾಷೆ ಇತ್ತು, 18ನೇ ಶತಮಾನದ ಮೊದಲಲ್ಲೇ ಅಳಿದುಹೋಯ್ತು, ಎಲ್ಬಿಂಗ್ ಪದಪಟ್ಟಿ ಅಂತ ಜರ್ಮನ್ ಜೊತೆ ಬರೆದಿಟ್ಟ 802 ಪದಗಳ ಒಂದು ಹಳೇ ಪಟ್ಟಿ ಇದೆ, ಅದರಲ್ಲಿ ಬ್ರೆಡ್ಡಿಗೆ 'ಗೈತ್ಯೆ' ಅಂತಿದೆ. ಮಾತಾಡೋರು ಒಬ್ರೂ ಇಲ್ಲದ ಭಾಷೇಲಿ ಬ್ರೆಡ್ಡಿಗೆ ಏನಂತಿದ್ರು ಅಂತ ಇವತ್ತೂ ಓದೋಕಾಗುತ್ತೆ, ಬರೆದಿಟ್ಟ ಪುಣ್ಯಾತ್ಮನಿಗೆ ಕೈ ಮುಗೀಬೇಕು.

ಈಗ ನನ್ನ ಪ್ರಶ್ನೆ. ದುವೊನ, ಧಾನಾ ಅನ್ನೋ ಇದೇ ಪದ ಪರ್ಷಿಯನ್ ಭಾಷೇಲಿ 'ದಾನಾ', ಕಾಳು ಅಂತಾನೇ ಅರ್ಥ. ಮೈಸೂರು ಕಡೆ ಸಬ್ಬಕ್ಕಿ ಅನ್ನೋದನ್ನ ಉತ್ತರ ಕರ್ನಾಟಕದಲ್ಲಿ ಸಾಬುದಾನಿ ಅಂತಾರಲ್ಲ, ಆ 'ದಾನಿ' ಈ ದಾನಾನೇ. ಅಂದ್ರೆ ದುವೊನದ ಬಳಗ ನಮ್ಮ ಅಡುಗೆಮನೇಲಿ ಎರಡು ದಾರಿಯಿಂದ ಬಂದು ಕೂತಿದೆ, ಧಾನ್ಯ ಒಂದು, ಸಾಬುದಾನಿ ಇನ್ನೊಂದು. ಬೀದರ್, ಕಲಬುರಗಿ, ವಿಜಯಪುರ ಕಡೆಯವರು ಕುದುರೆಗೋ ಎತ್ತಿಗೋ ಹಾಕೋ ಕಾಳಿಗೆ, ಇಲ್ಲಾ ಜೋಳಕ್ಕೆ, ಬರೀ 'ದಾಣಿ' ಅಂತ ಬಳಸೋದುಂಟಾ? ಉಂಟಾದ್ರೆ ಯಾವ ಯಾವ ಕಾಳಿಗೆ, ಮನೇಲಿ ಹಿರಿಯರು ಅದನ್ನ ಹೇಗೆ ಉಚ್ಚರಿಸ್ತಾರೆ, ದಾಣಿನಾ ದಾನಿನಾ? ಒಂದೆರಡು ವಾಕ್ಯ ಅವರ ಬಾಯಲ್ಲಿ ಕೇಳಿದ ಹಾಗೇ ಬರೆದು ಕಳಿಸಿದ್ರೆ ತುಂಬಾ ಉಪಕಾರ ಆಗುತ್ತೆ.