ಆನೆಕಾಲು ರೋಗದ ಮಾತ್ರೆ ನನಗ್ಯಾಕೆ?

ಭೀಮಾತೀರ: ನಿನ್ನೆ ಯಾದಗಿರಿಯ ನಮ್ಮ ಓಣಿಗೆ ಆಶಾ ಕಾರ್ಯಕರ್ತೆ ಬಂದಿದ್ದರು. ನನ್ನ ಎತ್ತರ ಅಳೆದರು, ಕೈಗೆ ಒಂದಷ್ಟು ಮಾತ್ರೆ ಹಾಕಿ, ನನ್ನ ಮುಂದೆಯೇ ನುಂಗಿ ಅಂದರು. ಆನೆಕಾಲು ರೋಗಕ್ಕಂತೆ. ನನ್ನ ಕಾಲು ನೆಟ್ಟಗಿದೆ, ಮನೆಯಲ್ಲಿ ಯಾರಿಗೂ ಬಾವು ಇಲ್ಲ. ಬಾಯಿಗೆ ಹಾಕಿಕೊಂಡಂತೆ ಮಾಡಿ ಜೇಬಿಗೆ ಇಳಿಸಿದೆ. ಕಾಯಿಲೆ ಇರುವವರಿಗೆ ಕೊಡುವುದು ಬಿಟ್ಟು ಇಡೀ ಜಿಲ್ಲೆಗೆ ಯಾಕೆ ಹಂಚುತ್ತಾರೆ?

ಗಟಾರದ ಪಕ್ಕದವ: ಸರಿಯಾಗಿ ಕೇಳಿದ್ರಿ. ಇದು ಸೊಳ್ಳೆಯಿಂದ ಬರುವ ರೋಗ ಅಲ್ವಾ? ನಮ್ಮ ಬಾಗಿಲ ಮುಂದಿನ ಗಟಾರದ ಹೂಳು ಎತ್ತಿ ಎರಡು ವರ್ಷ ಆಯ್ತು. ಅದನ್ನು ಎತ್ತಲಿ, ಆಮೇಲೆ ಮಾತ್ರೆ ತರಲಿ.

ರಾತ್ರಿಪಾಳಿ: ಆನೆಕಾಲು ಸಮೀಕ್ಷೆಗೆ ರಕ್ತ ತೆಗೆಯುವ ತಂಡದಲ್ಲಿ ನಾನು ಓಡಾಡಿದ್ದೇನೆ. ರಾತ್ರಿ ಹತ್ತಕ್ಕೆ ಮೇಲೆ ಬಾಗಿಲು ಬಡಿದರೆ ಜನ ಬೈಯುತ್ತಾರೆ, ಆದರೆ ಬೇರೆ ದಾರಿ ಇರಲಿಲ್ಲ, ಯಾಕೆಂದರೆ ಈ ರೋಗ ತರುವ ಹುಳದ ಮರಿಗಳು ಹಗಲು ಶ್ವಾಸಕೋಶದ ಕಡೆ ಅಡಗಿದ್ದು ಸೊಳ್ಳೆ ಕಚ್ಚುವ ಹೊತ್ತಿಗೇ ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ. ಭೀಮಾತೀರ ಅಣ್ಣಾ, ಕಾಲು ಆನೆಯಷ್ಟು ಊದಿದವರ ರಕ್ತದಲ್ಲಿ ಎಷ್ಟೋ ಸಲ ಮರಿಗಳೇ ಸಿಗುವುದಿಲ್ಲ. ಸಿಗುವುದು ನಿಮ್ಮಂಥ ಗಟ್ಟಿಮುಟ್ಟಾದವರಲ್ಲಿ. ದೊಡ್ಡ ಹುಳ ಮೈಯೊಳಗೆ ಐದಾರು ವರ್ಷ ಬದುಕಿ ಲಕ್ಷಗಟ್ಟಲೆ ಮರಿ ಹಾಕುತ್ತೆ, ಆ ಮನುಷ್ಯನಿಗೆ ಸುಳಿವೇ ಇರುವುದಿಲ್ಲ.

ಗಟಾರದ ಪಕ್ಕದವ: ಹಾಗಾದ್ರೆ ಒಂದು ಸೊಳ್ಳೆ ಕಚ್ಚಿದ್ರೆ ಮುಗೀತಾ?

ರಾತ್ರಿಪಾಳಿ: ಇಲ್ಲ ಮಾರಾಯ. ಸೊಳ್ಳೆಯ ಮೈಯಲ್ಲಿ ಹುಳದ ಮರಿ ಸುಮಾರು ಎರಡು ವಾರ ಬೆಳೆಯಬೇಕು, ಅಷ್ಟು ದಿನ ಆ ಸೊಳ್ಳೆ ಬದುಕಿರಬೇಕು, ಮತ್ತೆ ಅಂಥವು ತಿಂಗಳುಗಟ್ಟಲೆ ಕಚ್ಚುತ್ತಲೇ ಇರಬೇಕು. ತುಂಬಾ ಸೋಮಾರಿ ರೋಗ ಇದು. ಅದಕ್ಕೇ ಊರಿನ ಬಹುಪಾಲು ಜನ ಕೆಲವು ವರ್ಷ ಬಿಡದೆ ಮಾತ್ರೆ ನುಂಗಿದರೆ ಸೊಳ್ಳೆಗೆ ಹೊತ್ತೊಯ್ಯಲು ಮರಿಗಳೇ ಸಿಗಲ್ಲ. ಶ್ರೀಲಂಕಾದಲ್ಲಿ ಸೊಳ್ಳೆ ಹೋಗಿಲ್ಲ, ಆದರೂ 2016ರಲ್ಲಿ ಆ ದೇಶ ಈ ರೋಗವನ್ನು ಹತೋಟಿಗೆ ತಂದಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಕೊಂಡಿತು.

ಪುಟ್ಟಗೌರಿ: ನಮ್ಮ ದೇಶದಲ್ಲೂ 2004ರಿಂದ ಹಂಚುತ್ತಿದ್ದಾರಲ್ಲ, ಇನ್ನೂ ಯಾಕೆ ಮುಗಿದಿಲ್ಲ?

ರಾತ್ರಿಪಾಳಿ: ಜೇಬು ನೋಡಿಕೊಳ್ಳಿ.

ಪುಟ್ಟಗೌರಿ: 😀 ಜೇಬು ಮಾತ್ರ ಅಲ್ಲ ರೀ. ನಮ್ಮ ಕಡೆ ಅರ್ಧ ಊರು ಗುಳೆ ಹೋಗಿರುತ್ತೆ, ಬೆಂಗಳೂರು, ಮುಂಬೈ, ಪುಣೆ ಅಂತ. ಮಾತ್ರೆ ಬಂದಾಗ ಮನೆಗೆ ಬೀಗ. ಅವರು ಹೋದಲ್ಲಿ ಶೆಡ್ಡಿನ ಪಕ್ಕವೇ ಕೊಳಚೆ ನೀರು, ಸೊಳ್ಳೆ ಇದ್ದೇ ಇರುತ್ತೆ. ನನ್ನ ಸೋದರಮಾವನಿಗೆ ಕಾಲು ಊದಿ ಹದಿನೈದು ವರ್ಷ. ಮಾತ್ರೆಯಿಂದ ಆ ಕಾಲು ಮೊದಲಿನಂತೆ ಆಗಲ್ಲ. ದಿನಾ ಸೋಪು ಹಾಕಿ ತೊಳೆದು, ಬೆರಳ ಸಂದಿ ಒರೆಸಿಕೊಂಡರೆ ಜ್ವರ ಬರುವುದು ಕಡಿಮೆ, ಅಷ್ಟೇ. ಹಬ್ಬಕ್ಕೆ ಕರೆದರೂ ಅವರು ಬರುವುದಿಲ್ಲ.

ಗಟಾರದ ಪಕ್ಕದವ: ಸರಿ, ಮಾತ್ರೆ ಒಪ್ಪಿದೆ. ಆದರೂ ಗಟಾರ ಬಿಡಲ್ಲ. ಸೆಪ್ಟಿಕ್ ಟ್ಯಾಂಕಿನ ಗಾಳಿ ಪೈಪಿಗೆ ಒಂದು ಬಲೆ ಕಟ್ಟಿದರೆ ಎಷ್ಟೋ ಸೊಳ್ಳೆ ಅಲ್ಲೇ ಸಾಯುತ್ತವೆ, ಅದನ್ನೂ ಯಾರೂ ಮಾಡಲ್ಲ.

ರಾತ್ರಿಪಾಳಿ: ಬಲೆ ಕಟ್ಟಿ, ಖಂಡಿತ. ಈ ಸೊಳ್ಳೆಗೆ ಕೊಳಚೆ ನೀರೇ ತೊಟ್ಟಿಲು.

ಭೀಮಾತೀರ: ಪಕ್ಕದ ಮನೆಯವರಿಗೆ ನುಂಗಿದ ಮೇಲೆ ತಲೆನೋವು, ಜ್ವರ ಬಂತಂತೆ. ಅದಕ್ಕೇ ಹೆದರಿದ್ದು, ನಿಜ ಹೇಳಬೇಕೆಂದರೆ.

ರಾತ್ರಿಪಾಳಿ: ಬಹಳ ಸಲ ಒಳಗಿನ ಹುಳ ಸಾಯುವಾಗ ಹಾಗಾಗುತ್ತೆ, ಒಂದೆರಡು ದಿನದಲ್ಲಿ ಇಳಿಯುತ್ತೆ. ಅಂದರೆ ಅವರಿಗೆ ಬೇಕಿತ್ತು ಅಂತಲೇ ಇಟ್ಟುಕೊಳ್ಳಿ. ಗರ್ಭಿಣಿಯರಿಗೆ, ಎರಡು ವರ್ಷದೊಳಗಿನ ಮಕ್ಕಳಿಗೆ, ಹಾಸಿಗೆ ಹಿಡಿದವರಿಗೆ ಕೊಡುವುದಿಲ್ಲ. ಉಳಿದವರು ಹೊಟ್ಟೆಗೆ ಏನಾದರೂ ತಿಂದು ತಗೊಳ್ಳಿ.

ಭೀಮಾತೀರ: ತಮ್ಮ ಬೆಂಗಳೂರಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದಾನೆ. ಅವನ ಪಾಲಿನದು ಇಸ್ಕೊಂಡು ಇಡಲಾ?

ರಾತ್ರಿಪಾಳಿ: ಬೇಡ, ಎತ್ತರ ನೋಡಿ ಲೆಕ್ಕ ಹಾಕಿ ಕೊಡ್ತಾರೆ. ಯುಗಾದಿಗೆ ಬಂದಾಗ ಆಸ್ಪತ್ರೆಗೇ ಕರ್ಕೊಂಡು ಹೋಗಿ. ನೀವು ಮೊದಲು ಆಶಾ ಅಕ್ಕನಿಗೆ ಫೋನ್ ಮಾಡಿ, ನುಂಗಿಲ್ಲ ಅಂತ ಒಪ್ಪಿಕೊಳ್ಳಿ.

ಭೀಮಾತೀರ: ಅವರು ನಮ್ಮ ಅತ್ತಿಗೆ ರೀ. ಸಂಜೆ ಬೈಸಿಕೊಳ್ತೀನಿ.