ಸಹಾಯ ಬೇಕು: ಅಗಲಿಕೆಯನ್ನು ಕುರಿತ ಮಕ್ಕಳ ಕಾದಂಬರಿ

ಎಲ್ಲರಿಗೂ ನಮಸ್ಕಾರ. ನಾವು ಕೊಪ್ಪಳ ಜಿಲ್ಲೆಯ ಗಂಗಾವತಿಯವರು. ಕಳೆದ ಭತ್ತದ ಕೊಯ್ಲಿನ ಹೊತ್ತಿಗೆ ನಮ್ಮ ಅತ್ತೆಯವರು ತೀರಿಕೊಂಡ ಮೇಲೆ, ಅವರ ಮಗ್ಗುಲಲ್ಲೇ ಮಲಗಿ ಕಥೆ ಕೇಳುತ್ತ ಬೆಳೆದ, ಆರನೆಯ ತರಗತಿಯ ನನ್ನ ಮಗಳು ಅಜ್ಜಿಯ ಮಾತನ್ನೇ ಎತ್ತುತ್ತಿಲ್ಲ. ಆದರೆ ಅವರ ಎಲೆ-ಅಡಿಕೆಯ ಸಂಚಿಯನ್ನು ಪಾಟಿಚೀಲದಲ್ಲಿಟ್ಟುಕೊಂಡೇ ಶಾಲೆಗೆ ಹೋಗುತ್ತಾಳೆ.

ಮನೆಯವರ ಪ್ರೀತಿಯನ್ನೂ ಸಾವನ್ನೂ ಮುಚ್ಚುಮರೆಯಿಲ್ಲದೆ ಹೇಳುವ, ಈ ವಯಸ್ಸಿನ ಮಕ್ಕಳು ತಾವೇ ಓದಿಕೊಳ್ಳಬಹುದಾದ ಕನ್ನಡ ಕಾದಂಬರಿಯೊಂದನ್ನು ದಯವಿಟ್ಟು ಸೂಚಿಸಬೇಕೆಂದು ಕೋರುತ್ತೇನೆ. ಅಜ್ಜಿ ನಕ್ಷತ್ರವಾದಳೆಂದು ಸಮಾಧಾನ ಹೇಳಿ ಮುಗಿಸುವ ಪುಸ್ತಕ ಬೇಡ; ಅದನ್ನು ನಾವೇ ಹೇಳಿ ನೋಡಿದೆವು, ಅವಳು ನಂಬಲಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿಯು 2010ರಿಂದ ನೀಡುತ್ತಿರುವ ಬಾಲ ಸಾಹಿತ್ಯ ಪುರಸ್ಕಾರದ ಕನ್ನಡ ಪಟ್ಟಿಯನ್ನು ನೋಡಿದೆನಾದರೂ, ಹೆಸರಿನಿಂದ ಒಳಗಿನ ವಸ್ತು ತಿಳಿಯುವುದಿಲ್ಲ. ಅನುವಾದವಾದರೂ ಅಡ್ಡಿಯಿಲ್ಲ, ಭಾಷೆ ತೊಡಕಾಗಿರಬಾರದು ಅಷ್ಟೆ.

ಸ್ವತಃ ಓದಿದವರು, ಸಾವಿನ ಪ್ರಸಂಗ ಎಷ್ಟನೆಯ ಅಧ್ಯಾಯದಲ್ಲಿ ಬರುತ್ತದೆಂಬುದನ್ನೂ ತಿಳಿಸಿದರೆ, ಅವಳು ಅದನ್ನು ಓದುವ ದಿನ ನಾನು ಪಕ್ಕದಲ್ಲಿ ಕುಳಿತಿರಬಹುದು. ಹೊಸಪೇಟೆ ಅಥವಾ ಕೊಪ್ಪಳದಲ್ಲಿ ಪ್ರತಿ ಸಿಗುವ ಅಂಗಡಿ ಗೊತ್ತಿದ್ದರೆ ಅದನ್ನೂ ಬರೆಯಿರಿ.