ಗೋದಲಿ ಗೊಂಬೆಗಳು ಬಿರುಕು ಬಿಡ್ತಿವೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆ ಹತ್ತಿರ ನಮ್ಮದು ದೊಡ್ಡ ಕೂಡು ಕುಟುಂಬ. ಕ್ರಿಸ್ಮಸ್‌ಗೆ ಆದಷ್ಟು ಎಲ್ಲ ಮನೇಲೇ ಮಾಡೋದು: ಬಿದಿರುಕಡ್ಡಿ ನಕ್ಷತ್ರ, ಚಿಕ್ಕಮ್ಮಂದಿರ ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು), ಮಕ್ಕಳೇ ಕಟ್ಟಿದ ಹಾಡು. ಈ ಸಲ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯ) ಗೊಂಬೆಗಳನ್ನೂ ಗದ್ದೆಯ ಜೇಡಿಮಣ್ಣಲ್ಲಿ ಮಾಡ್ತಿದ್ದೀವಿ. ಮಕ್ಕಳ ಕುರಿಗಳು ಎಷ್ಟು ಚೆಂದ ಬಂದಿವೆ ಗೊತ್ತಾ! ಆದರೆ ಒಣಗುವಾಗ ಕತ್ತು, ಕಾಲಿನ ಹತ್ರ ಬಿರುಕು ಬಿಡ್ತಿವೆ.

ಕಾಫಿ ಕಣದ ಬಿಸಿಲಲ್ಲಿಟ್ಟರೆ ಬೇಗ ಸೀಳುತ್ತೆ. ನೆರಳಲ್ಲಿ ಒದ್ದೆ ಬಟ್ಟೆ ಮುಚ್ಚಿಟ್ಟರೆ ಈ ಮಂಜಿಗೆ ಒಣಗೋದೇ ಇಲ್ಲ. ಮರಳು ಬೆರೆಸಿದಾಗ ದೊಡ್ಡ ಗೊಂಬೆ ಸರಿಹೋಯ್ತು, ಸಣ್ಣದರ ಕೈಕಾಲು ಮಾತ್ರ ಉದುರುತ್ತೆ. ಸುಡೋಕೆ ಕುಂಬಾರರ ಆವಿಗೆ (ಗೂಡು) ಇಲ್ಲ. ಜನವರಿ 6ರ ಮೂರು ರಾಯರ ಹಬ್ಬದವರೆಗೆ (ಬಾಲಯೇಸುವನ್ನು ನೋಡೋಕೆ ಮೂವರು ಜ್ಞಾನಿಗಳು ಬಂದ ನೆನಪಿನ ದಿನ) ನಿಂತರೆ ಸಾಕು.

ಸಣ್ಣ ಗೊಂಬೆಗೆ ಹತ್ತಿ ಬೆರೆಸೋದಾ, ನೆನೆಸಿದ ಕಾಗದನಾ? ಒಂದು ಸೇರು ಮಣ್ಣಿಗೆ ಎಷ್ಟು? ಮಾಡಿ ನೋಡಿದವರು ದಯವಿಟ್ಟು ಹೇಳಿ.